ಶಾಲು, ಪೇಟ, ಹಣ್ಣಿನ ಬುಟ್ಟಿ

ವೇದಿಕೆಯ ಪಕ್ಕದ ಬಾಗಿಲಿನಿಂದ ಹಣ್ಣಿನ ಬುಟ್ಟಿ ಒಳಗೆ ಬಂದದ್ದನ್ನು ಕಂಡೊಡನೆ ಪ್ರಫುಲ್ಲಾಗೆ ಗೊತ್ತಾಯಿತು, ಕೆಲಸ ಕೆಟ್ಟಿತು ಎಂದು. ಬುಟ್ಟಿಯ ಹಿಂದೆ ಶಾಲು ಬರುತ್ತದೆ, ಶಾಲಿನ ಹಿಂದೆ ಮೈಸೂರು ಪೇಟ. ನಮ್ಮ ಜನ ಕೊಡುವ ಮನಸ್ಸಿದ್ದಾಗ ಮೂಲೆಗೆ ಕರೆದು, ಕುರ್ಚಿ ಎಳೆದುಕೊಂಡು, ಮುಖ ಗಂಟಿಕ್ಕಿ ಚೌಕಾಸಿ ಮಾಡುತ್ತಾರೆ. ಕೊಡುವ ಮನಸ್ಸಿಲ್ಲದಾಗ ಸನ್ಮಾನ ಮಾಡುತ್ತಾರೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ನಮ್ಮ ನಡುವೆ ಬೆಳೆದವರಿಗೆ ಬರೆದು ತಿಳಿಸಬೇಕಾಗಿಯೂ ಇಲ್ಲ.

ತಿಳಿಯದೆ ಕುಳಿತಿದ್ದವಳು ಮಾರ್ಯೆತಾ. ಸ್ಲೊವೇನಿಯಾದವಳು, ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಇಡೀ ದೇಶದ ಜನ ಸೇರಿದರೂ ನಮ್ಮ ಮೈಸೂರು ಜಿಲ್ಲೆಯಷ್ಟಾಗದ ಆ ನಾಡಿನಲ್ಲಿ, ಒಂದು ನದಿಯ ದಂಡೆಯ ಮೇಲೆ, ಯಂತ್ರಗಳಿಗೆ ಹಲ್ಲುಚಕ್ರ ಮಾಡಿಕೊಡುವ ಕಾರ್ಖಾನೆಯನ್ನು ಅವಳು ನಡೆಸುತ್ತಿದ್ದಳು. ಕೆಲಸಗಾರರೇ ಪಾಲು ಹಾಕಿ ಉಳಿಸಿಕೊಂಡಿದ್ದ ಕಾರ್ಖಾನೆ ಅದು. ಈಗ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಟ್ಟಿದ್ದರು. ಪಕ್ಕದ ದೇಶದ ಕಂಪನಿಯೊಂದು ಅದನ್ನು ಕೊಳ್ಳಲು ಮುಂದೆ ಬಂದಿತ್ತು, ಆದರೆ ಪ್ರತಿ ಮೂವರು ಕೆಲಸಗಾರರಲ್ಲಿ ಒಬ್ಬರನ್ನು ಮನೆಗೆ ಕಳಿಸುವ ಷರತ್ತಿನ ಮೇಲೆ. ಉತ್ತರ ಶುಕ್ರವಾರದೊಳಗೆ ಬೇಕು ಎಂದಿತ್ತು. ಯಾರನ್ನೂ ಕಳಿಸದೆ ನಡೆಸುವ ಹೂಡಿಕೆದಾರರು ಸಿಕ್ಕಾರೇನೋ ಎಂಬ ಆಸೆಯಿಂದ ಮಾರ್ಯೆತಾ ಕ್ಯಾಲಿಫೋರ್ನಿಯಾಕ್ಕೆ ಹಾರಿ ಬಂದಿದ್ದಳು.

ಕರೆಸಿದವಳು ಪ್ರಫುಲ್ಲಾ. ಉಡುಪಿಯಲ್ಲಿ ಹುಟ್ಟಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಮದುವೆಯಾಗಿ ಸ್ಯಾನ್ ಹೊಸೆಗೆ ಬಂದು, ಅಲ್ಲಿ ಇಲ್ಲಿ ದುಡಿದು, ಈಗ ಸ್ಯಾನ್ ಫ್ರಾನ್ಸಿಸ್ಕೋದ ಸಣ್ಣದೊಂದು ಸಲಹಾ ಸಂಸ್ಥೆಯಲ್ಲಿದ್ದಳು. ಸ್ಲೊವೇನಿಯಾದ ಲೋಹ ಮತ್ತು ಯಂತ್ರೋದ್ಯಮಕ್ಕೆ ಇಲ್ಲಿಯ ಬಂಡವಾಳಗಾರರನ್ನು ಪರಿಚಯಿಸುವುದು ಅವಳ ಕೆಲಸ. ಪಳಗಿದ ಕೈಗಳು, ಹತ್ತಿರದಲ್ಲೇ ಹಡಗಿನ ಬಂದರು, ಲಾರಿಯಲ್ಲಿ ಹೊರಟರೆ ಯೂರೋಪಿನ ದೊಡ್ಡ ದೊಡ್ಡ ಕಾರ್ಖಾನೆಗಳಿಗೆಲ್ಲ ಹತ್ತಿರ ಎಂದು ಬಣ್ಣದ ಪುಸ್ತಿಕೆಗೆ ಬರೆದವಳು ಅವಳೇ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಬಿಳಿಯರ ಕಂಪನಿಗಳಲ್ಲಿ ಯಾರೂ ಪುಟ ತಿರುವಿ ನೋಡಿರಲಿಲ್ಲ. ಕಬ್ಬಿಣ ಎಂದರೆ ಈ ಊರಿನ ದುಡ್ಡಿಗೆ ಆಕಳಿಕೆ ಬರುತ್ತದೆ. ಕೊನೆಗೆ ಅವಳು ‘ನನ್ನ ಜನ ಇದ್ದಾರೆ, ಬಾ’ ಎಂದು ಮಾರ್ಯೆತಾಗೆ ಬರೆದಿದ್ದಳು.

ಅವಳ ಜನ ಎಂದರೆ ಹೇಮಾವತಿ ಬಳಗ. ಕಂಪ್ಯೂಟರ್ ಚಿಪ್ಪು, ಸಾಫ್ಟ್‌ವೇರು ಎಂದು ದುಡಿದು ಕೈತುಂಬಿಸಿಕೊಂಡ ಕನ್ನಡಿಗರು ಸೇರಿ ಮಾಡಿಕೊಂಡಿದ್ದ ಹೂಡಿಕೆದಾರರ ಕೂಟ. ಅದರ ಹಿರಿಯ ಶೇಷಾದ್ರಿ, ಮೈಸೂರಿನವರು. ಸುಣ್ಣ ಬಳಿದಷ್ಟು ಬೆಳ್ಳಗಿನ ತಲೆ, ಬೆಣ್ಣೆಯಂಥ ಮಾತು. ಯುಗಾದಿ ಕಳೆದ ಮೊದಲ ಭಾನುವಾರ ಮಿಲ್ಪಿಟಾಸಿನ ಸಭಾಂಗಣದಲ್ಲಿ ಸಭೆ ಇಟ್ಟುಕೊಂಡಿದ್ದರು.

ಸಭೆ ಚೆನ್ನಾಗಿಯೇ ನಡೆದಿತ್ತು. ಅದೇ ಕಷ್ಟ. ಮಾರ್ಯೆತಾ ಅಂಗೈಯಗಲದ ಹಲ್ಲುಚಕ್ರವೊಂದನ್ನು ಚೀಲದಿಂದ ತೆಗೆದು ಮುಂದಿನ ಸಾಲಿಗೆ ಕೊಟ್ಟಳು. ಅದು ಪ್ರಸಾದದ ಹಾಗೆ ಕೈಯಿಂದ ಕೈಗೆ ಹೋಯಿತು. ಹೇವರ್ಡಿನಲ್ಲಿ ಸಣ್ಣ ಮಿಷನ್ ಶಾಪು ಇಟ್ಟುಕೊಂಡಿದ್ದ ಹಾಸನದ ಮಧುಕರ್ ಅದರ ಹಲ್ಲುಗಳ ಮೇಲೆ ಉಗುರು ಆಡಿಸುತ್ತಾ ಮುಂದಿನವರಿಗೆ ಕೊಡುವುದನ್ನೇ ಮರೆತ. ಆಮೇಲೆ ಅವಳು ತೆರೆಯ ಮೇಲೆ ಒಂದು ಹಸಿರು ಯಂತ್ರವನ್ನು ತೋರಿಸಿದಳು. ಹಲ್ಲುಗಳಿಗೆ ಸಾಣೆ ಹಿಡಿಯುವ ಯಂತ್ರ. ಅದನ್ನು ನಡೆಸಿ ನಿವೃತ್ತರಾದವರೆಲ್ಲ ಕೊನೆಯ ದಿನ ಅದರ ಮಗ್ಗುಲಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆದು ಹೋಗುತ್ತಿದ್ದರು. ಮೇಲಿನಿಂದ ಮೂರನೆಯದು ಅವಳ ಅಪ್ಪನ ಹೆಸರು.

“ನಮ್ಮ ಆಯುಧಪೂಜೆ ಇದ್ದ ಹಾಗೇ ಅಲ್ವಾ” ಎಂದು ಹಿಂದಿನ ಸಾಲಿನಲ್ಲಿ ಯಾರೋ ಗದ್ಗದಿತರಾದರು. ಕಣ್ಣೊರೆಸಿಕೊಂಡವರೂ ಇದ್ದರು. ಪ್ರಶ್ನೆಗಳು ಮಾತ್ರ ಬರಲಿಲ್ಲ. ವಿದ್ಯುತ್ತಿನ ದರ ಎಷ್ಟು, ಸಾಲ ಎಷ್ಟಿದೆ, ಯಂತ್ರಗಳ ವಯಸ್ಸೇನು ಎಂದು ಒಬ್ಬರೂ ಕೇಳಲಿಲ್ಲ. ದುಡ್ಡು ಹಾಕುವವನು ಅಳುವುದಿಲ್ಲ, ಕೇಳುತ್ತಾನೆ.

ಶೇಷಾದ್ರಿ ಎದ್ದು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಎರಡು ಸಣ್ಣ ನಾಡುಗಳು, ಎರಡು ಹಳೆಯ ಸಂಸ್ಕೃತಿಗಳು, ಇದು ವ್ಯವಹಾರವಲ್ಲ, ಬಾಂಧವ್ಯ ಎಂದರು. ಖಂಡಿತವಾಗಿ ನೋಡೋಣ ಎಂದರು. ಶಾಲು ಹೊದಿಸಿದರು. ಬಳಗದ ಕಪಾಟಿನಲ್ಲಿರುವ ಪೇಟಗಳೆಲ್ಲ ಒಂದೇ ಅಳತೆಯವು, ಗಂಡಸರ ತಲೆಗೆ ಕಟ್ಟಿಸಿದವು. ಮಾರ್ಯೆತಾಳ ತಲೆಗೆ ಅದು ಸಡಿಲವಾಗಿ ಹುಬ್ಬಿನ ತನಕ ಇಳಿಯಿತು. ಒಂದು ಕೈಯಲ್ಲಿ ಪೇಟವನ್ನು ಎತ್ತಿ ಹಿಡಿದು, ಇನ್ನೊಂದರಲ್ಲಿ ಹಣ್ಣಿನ ಬುಟ್ಟಿಯನ್ನು ಅಪ್ಪಿಕೊಂಡು ಅವಳು ಫೋಟೋಕ್ಕೆ ನಿಂತಳು. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಅವಳ ಕಣ್ಣಿನಲ್ಲಿ ನೀರು ತುಂಬಿಕೊಂಡಿತ್ತು.

ಹೋಟೆಲಿಗೆ ಬಿಡಲು ಹೋಗುವಾಗ ಕಾರಿನಲ್ಲಿ ಮಾರ್ಯೆತಾ ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜರಿಯನ್ನು ಸವರುತ್ತಿದ್ದಳು.

“ನಾಳೆ ಊರಿಗೆ ಹೋಗಿ ಎಲ್ಲರಿಗೂ ಹೇಳುತ್ತೇನೆ” ಎಂದಳು. “ಇವರು ಒಪ್ಪಿದರು ಎಂದು.”

“ಅವರು ಒಪ್ಪಲಿಲ್ಲ ಮಾರ್ಯೆತಾ.”

“ಹಾಗಾದರೆ ಬೇಡ ಎಂದರೇ? ನನಗೆ ಕೇಳಿಸಲಿಲ್ಲವಲ್ಲ.”

ನಮ್ಮಲ್ಲಿ ಬೇಡ ಎನ್ನುವುದಿಲ್ಲ, ಸತ್ಕಾರ ಮಾಡಿ ಕಳಿಸುತ್ತಾರೆ ಎಂದು ಪ್ರಫುಲ್ಲಾ ವಿವರಿಸಿದಳು. ವಿವರಿಸುತ್ತಾ ಹೋದಂತೆ ತನ್ನ ಮನೆಯ ಕೊಳೆಬಟ್ಟೆಯನ್ನು ಪರರ ಅಂಗಳದಲ್ಲಿ ಒಗೆದಂತೆ ನಾಚಿಕೆಯಾಯಿತು.

“ನೂರು ಜನ ಎದ್ದು ನಿಂತರು” ಎಂದಳು ಮಾರ್ಯೆತಾ. “ನನ್ನ ತಲೆಯ ಮೇಲೆ ಕಿರೀಟ ಇಟ್ಟರು. ಅದು ‘ಇಲ್ಲ’ ಎಂದು ನೀನು ಹೇಳುತ್ತೀಯ. ಸರಿ, ಇರಬಹುದು. ಅವರ ಬಾಯಿಂದ ಆ ಮಾತು ತಂದುಕೊಡು. ಶುಕ್ರವಾರದೊಳಗೆ ತಂದುಕೊಟ್ಟರೆ ನಾನು ಪಕ್ಕದ ದೇಶದವರಿಗೆ ಸಹಿ ಹಾಕುತ್ತೇನೆ. ಮೂವರಲ್ಲಿ ಇಬ್ಬರಾದರೂ ಉಳಿಯುತ್ತಾರೆ. ಆದರೆ ಇಂಥ ಕಿರೀಟವನ್ನು ತೋರಿಸಿ, ಕಾರಣವಿಲ್ಲದೆ ಮೂರನೆಯವನಿಗೆ ಮನೆಗೆ ಹೋಗು ಎನ್ನಲು ನನ್ನಿಂದಾಗದು. ನಮ್ಮ ಕೆಲಸಗಾರರೇ ಪಾಲುದಾರರು. ಮಾರಬೇಕೋ ಬೇಡವೋ ಎಂದು ಅವರೇ ಕೈಯೆತ್ತಿ ಮತ ಹಾಕುತ್ತಾರೆ.”

ಹೀಗೆ ಪ್ರಫುಲ್ಲಾಳ ತಲೆಯ ಮೇಲೆ ವಿಚಿತ್ರ ಕೆಲಸ ಬಂತು. ಹೌದು ಎನ್ನಿಸಲು ಓಡಾಡುವವರನ್ನು ಕಂಡಿದ್ದೇವೆ. ಇವಳು ಬೇಡ ಎನ್ನಿಸಲು ಓಡಾಡಬೇಕಾಯಿತು. ಬರೀ ಎರಡಕ್ಷರ. ಮಗಳು ಸುರಕ್ಷಾ ಬರ್ಕ್ಲಿಯಿಂದ ಫೋನು ಮಾಡಿದಾಗ ಇದನ್ನು ಕೇಳಿ ನಕ್ಕಳು.

“ಅಮ್ಮಾ, ಜಸ್ಟ್ ಆಸ್ಕ್ ಹಿಮ್. ಯೆಸ್ ಆರ್ ನೋ. ಹೌ ಹಾರ್ಡ್ ಈಸ್ ಇಟ್?”

“ನಿಂಗೆ ಗೊತ್ತಾಗುದಿಲ್ಲ ಮಗಾ” ಎಂದಳು ಪ್ರಫುಲ್ಲಾ.

ಮಂಗಳವಾರ ಸಂಜೆ ಫ್ರೀಮಾಂಟಿನಲ್ಲಿ ಶೇಷಾದ್ರಿಯವರ ಮನೆಗೆ ಹೋದಳು. ಫಿಲ್ಟರ್ ಕಾಫಿ ಬಂತು, ಕೋಡುಬಳೆ ಬಂತು, ಮೊಮ್ಮಗಳ ಭರತನಾಟ್ಯದ ವಿಡಿಯೋ ಬಂತು. ಬಂದ ವಿಷಯ ಮಾತ್ರ ಬಾಗಿಲ ಹೊರಗೇ ನಿಂತಿತ್ತು. ಪ್ರಫುಲ್ಲಾ ಅದನ್ನು ಕೈಹಿಡಿದು ಒಳಗೆ ಎಳೆದು ತಂದಳು.

“ಸಾರ್, ಸ್ಲೊವೇನಿಯಾದ ಫ್ಯಾಕ್ಟರಿಗೆ ಬಳಗದಿಂದ ದುಡ್ಡು ಹಾಕ್ತೀರಾ ಇಲ್ವಾ, ಅಷ್ಟು ಹೇಳಿ.”

“ಅಯ್ಯೋ, ನಾವು ಓಪನ್ ಆಗೇ ಇದೀವಿ ಮೇಡಂ.”

“ಹಾಗಾದ್ರೆ ಹೌದಾ?”

“ಹೌದು ಅಂತಾನೂ ಅಲ್ಲ. ಒಂದು ಪ್ರೋಸೆಸ್ಸು ಇರುತ್ತಲ್ಲ. ಎಲ್ರೂ ಕೂತು ಒಂದ್ಸಲ ಮೀಟಿಂಗು ಮಾಡ್ಬೇಕು. ನೋಡೋಣ.”

“ಮೀಟಿಂಗು ಯಾವಾಗ ಸಾರ್?”

“ಸಮ್ಮರ್ ಕಳೀಲಿ. ಎಲ್ರೂ ಇಂಡಿಯಾ ಟ್ರಿಪ್ಪು ಅಂತ ಹೊರಟಿದಾರೆ.”

ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದೇ. ಆಚೆಗೂ ಬೆಳಕು, ಈಚೆಗೂ ಬೆಳಕು, ಇಟ್ಟವನಿಗೆ ಒಳ್ಳೆಯ ಹೆಸರು. ಪ್ರಫುಲ್ಲಾಗೆ ಮೈ ಉರಿಯಿತು. ಕೋಡುಬಳೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಸಾರ್, ನೀವು ಬೇಡ ಅಂತ ಒಂದು ಸಾಲು ಅವರಿಗೆ ಹೇಳಿ. ನಿಮಗೆ ಎಂತ ಖರ್ಚೂ ಇಲ್ಲ. ನೀವು ಬೇಡ ಅಂದ್ರೆ ಅವರು ಇನ್ನೊಬ್ರಿಗೆ ಹೂಂ ಅಂತಾರೆ, ಫ್ಯಾಕ್ಟರಿ ಉಳೀತದೆ. ನೀವು ನೋಡೋಣ ನೋಡೋಣ ಅಂತ ಮೂಗಿಗೆ ತುಪ್ಪ ಸವರಿದ್ರೆ ಅವರು ಕಾಯ್ತಾರೆ ಮಾರಾಯ್ರೆ. ಕಾದು ಮುಳುಗ್ತಾರೆ.”

ಶೇಷಾದ್ರಿಯವರ ಮುಖ ಬಾಡಿತು. ನಿಜವಾಗಿಯೇ ನೊಂದುಕೊಂಡರು. ಅವರು ಕೆಟ್ಟವರೇನೂ ಅಲ್ಲ. ಕೆಟ್ಟವರಾಗಿದ್ದರೆ ಇಷ್ಟು ಹೊತ್ತಿಗೆ ಬೇಡ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು, ಮಾರ್ಯೆತಾ ಬದುಕಿಕೊಳ್ಳುತ್ತಿದ್ದಳು.

“ನೀವು ಕರಾವಳಿಯವರು, ಕಡ್ಡಿ ಮುರಿದ ಹಾಗೆ ಮಾತಾಡ್ತೀರಿ” ಎಂದರು. “ಅವರು ಅತಿಥಿ ಕಣಮ್ಮ. ಮೊನ್ನೆ ತಾನೆ ಈ ಕೈಯಲ್ಲೇ ಪೇಟ ಇಟ್ಟಿದೀನಿ. ಇವತ್ತು ಮುಖಕ್ಕೆ ಹೊಡೆದ ಹಾಗೆ ಬೇಡ ಅಂತ ಹೇಗನ್ಲಿ? ನಮ್ಮ ಸಂಸ್ಕೃತಿ ಅಲ್ಲ ಅದು. ಇರಿ, ಅವರ ಮನಸ್ಸಿಗೆ ಸಮಾಧಾನ ಆಗೋ ಹಾಗೆ ನಾನೇ ಒಂದು ಮಾತು ಕಳಿಸ್ತೀನಿ.”

ಅವಳ ಎದುರಿಗೇ ಫೋನು ತೆಗೆದು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿ ಕಳಿಸಿದರು. ಪೇಟ ತೊಟ್ಟ ಮಾರ್ಯೆತಾಳ ಫೋಟೋ, ಅದರ ಕೆಳಗೆ ‘ಇದು ಸುದೀರ್ಘ ಪಯಣದ ಆರಂಭ ಮಾತ್ರ’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಪ್ರಫುಲ್ಲಾ ತಡೆಯಲು ಕೈ ಚಾಚಿದಳು. ಅಷ್ಟರಲ್ಲಿ ಅದು ಹೋಗಿಯಾಗಿತ್ತು. ಬರುವಾಗ ಅವರ ಹೆಂಡತಿ ಕುಂಕುಮ ಕೊಟ್ಟು, ಡಬ್ಬಿಯ ತುಂಬ ಕೋಡುಬಳೆ ಕಟ್ಟಿಕೊಟ್ಟರು.

ಬುಧವಾರ ಹೇವರ್ಡಿಗೆ ಹೋದಳು. ಮಧುಕರ್ ಯಂತ್ರಗಳ ನಡುವೆ ಎಣ್ಣೆಗೈಯಲ್ಲಿ ನಿಂತಿದ್ದ. ಬಳಗದಲ್ಲಿ ಲೋಹ ಬಲ್ಲವನು ಅವನೊಬ್ಬನೇ. ಅವನ ಮಾತಿಗೆ ತೂಕ ಇತ್ತು.

“ಸತ್ಯ ಹೇಳ್ಲಾ ಅಕ್ಕ, ಆ ಹಸ್ರು ಮಿಷನ್ನು ಅಂದ್ರೆ ಮಿಷನ್ನು. ಅಂಥದ್ದು ಈಗ ಎಲ್ ಸಿಕ್ತದೆ. ಆದ್ರೆ ಫ್ಯಾಕ್ಟ್ರಿ ತಗೊಂಡು ನಾವೇನ್ ಮಾಡನ? ಅದ್ರ ಜೊತೆಗೆ ಜನಾನೂ ಬತ್ತರೆ.”

“ಅದನ್ನೇ ಅವರಿಗೆ ಹೇಳು. ಇಷ್ಟೇ ಮಾತು. ನಾನೇ ಫೋನು ಹಚ್ಚಿ ಕೊಡ್ತೇನೆ.”

ಮಧುಕರ್ ಬಟ್ಟೆಯಿಂದ ಕೈ ಒರೆಸಿದ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

“ನಾನ್ ಹೆಂಗ್ ಹೇಳ್ಲಿ. ಶೇಷಾದ್ರಿ ಸಾರ್ ಹಿರೀರು, ಅವರೇ ಏನೂ ಅಂದಿಲ್ಲ. ನಾನ್ ಬಾಯ್ ಹಾಕಿದ್ರೆ ಚೆನ್ನಾಗಿರಲ್ಲ. ಆಯಮ್ಮ ಪಾಪ ಅಷ್ಟ್ ದೂರದಿಂದ ಬಂದಿದ್ರು.”

ಉಳಿದವರಿಗೆ ಫೋನು ಮಾಡಿದಳು. ಒಬ್ಬರು ಹೆಂಡತಿಯನ್ನು ಕೇಳುತ್ತೇನೆ ಎಂದರು. ಒಬ್ಬರು ಬಹಳ ಒಳ್ಳೆಯ ಪ್ರೆಸೆಂಟೇಶನ್ನು, ಕಣ್ಣಲ್ಲಿ ನೀರು ಬಂತು ಎಂದರು. ಇನ್ನೊಬ್ಬರು ಊಟಕ್ಕೆ ಕರೆದರು. ಬೇಡ ಎಂಬ ಎರಡಕ್ಷರವನ್ನು ಈ ಜನ ತಾಯಿಯ ಒಡವೆಯಂತೆ ಬಚ್ಚಿಟ್ಟುಕೊಂಡಿದ್ದರು.

ಶುಕ್ರವಾರ ಬೆಳಿಗ್ಗೆ, ಆಫೀಸಿಗೆ ಹೋಗಲು ಬೆರ್ರಿಯೆಸಾ ರೈಲು ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಇಳಿಯದೆ ಅಲ್ಲೇ ಕುಳಿತು ಮಾರ್ಯೆತಾಗೆ ಕರೆ ಮಾಡಿದಳು. ಅಲ್ಲಿ ಆಗಲೇ ಸಂಜೆಯಾಗುತ್ತಿತ್ತು. ಹಿಂದೆ ಜನರ ಗದ್ದಲ ಕೇಳಿಸುತ್ತಿತ್ತು.

“ಅವರು ಹಾಕುವುದಿಲ್ಲ ಮಾರ್ಯೆತಾ. ನಾನು ಹೇಳುತ್ತಿದ್ದೇನೆ, ಕೇಳು. ಸಹಿ ಹಾಕಿಬಿಡು.”

“ಹಾಗೆಂದು ಶೇಷಾದ್ರಿ ಹೇಳಿದನೇ?”

“ಇಲ್ಲ. ಅವರು ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ.”

“ಪ್ರಫುಲ್ಲಾ, ನೀನು ನನಗೆ ಕೆಟ್ಟದ್ದು ಬಯಸುವವಳಲ್ಲ, ಗೊತ್ತು. ಆದರೆ ಅವನು ಕಳಿಸಿದ ಚಿತ್ರವನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಿದ್ದಾರೆ. ಪಯಣದ ಆರಂಭ ಎಂದು ಬರೆದಿದ್ದಾನೆ, ಎಲ್ಲರೂ ಓದಿದ್ದಾರೆ. ಇವರ ಮುಂದೆ ನಿಂತು ಇಲ್ಲ ಎನ್ನಲು ನನಗೆ ಅವನ ‘ಇಲ್ಲ’ ಬೇಕು. ನಿನ್ನದು ಸಾಲದು. ಪೇಟ ಇಟ್ಟವಳು ನೀನಲ್ಲವಲ್ಲ.”

ಗದ್ದಲ ನಿಂತಿತು. ಅಲ್ಲಿ ಮತ ಕೇಳುತ್ತಿದ್ದರು. ಪ್ರಫುಲ್ಲಾಗೆ ಬಾರದ ಭಾಷೆಯಲ್ಲಿ ಒಂದು ಪ್ರಶ್ನೆ, ಆಮೇಲೆ ಕುರ್ಚಿಗಳ ಸದ್ದು, ಆಮೇಲೆ ನಗು. ಕಾಯೋಣ ಎಂದು ತೀರ್ಮಾನವಾಯಿತೆಂದು ಮಾರ್ಯೆತಾ ಹೇಳಿದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ಪ್ರಫುಲ್ಲಾ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಪಕ್ಕದಲ್ಲಿ ಕಾರು ನಿಲ್ಲಿಸಿದವನೊಬ್ಬ ನೋಡಿಯೂ ನೋಡದಂತೆ ರೈಲಿನ ಕಡೆಗೆ ನಡೆದ.

ಪಕ್ಕದ ದೇಶದ ಕಂಪನಿ ಬೇರೆ ಕಡೆ ಹೋಯಿತು. ಶೇಷಾದ್ರಿಯವರ ಮೀಟಿಂಗು ಆಗಲೇ ಇಲ್ಲ. ಮಾರ್ಯೆತಾ ಮೊದಲು ವಾರಕ್ಕೊಮ್ಮೆ ಕೇಳುತ್ತಿದ್ದಳು, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಕೇಳುವುದನ್ನು ನಿಲ್ಲಿಸಿದಳು. ಬೇಸಗೆಯ ಕೊನೆಗೆ ಕಾರ್ಖಾನೆಗೆ ಬೀಗ ಬಿತ್ತು. ಪ್ರಫುಲ್ಲಾ ಮಾಡಿದ ಕರೆಗಳನ್ನು ಅವಳು ಎತ್ತಲಿಲ್ಲ. ‘ನನ್ನ ಜನ’ ಎಂದು ತಾನೇ ಬರೆದ ಮಾತು ಗಂಟಲಿಗೆ ಸಿಕ್ಕ ಮೀನಿನ ಮುಳ್ಳಿನ ಹಾಗೆ ಅಲ್ಲೇ ಇತ್ತು.

ಮರುವರ್ಷ ಅಕ್ಟೋಬರಿನಲ್ಲಿ ಮಧುಕರ್ ಫೋನು ಮಾಡಿದ. ಶಾಪಿನಲ್ಲಿ ಆಯುಧಪೂಜೆ, ಬಳಗದವರೆಲ್ಲ ಬರುತ್ತಾರೆ, ನೀವು ಬರಲೇಬೇಕು ಅಕ್ಕ, ನಿಮಗೊಂದು ಸರ್‌ಪ್ರೈಸು ಇದೆ ಎಂದ. ಅವಳು ‘ನೋಡೋಣ’ ಎನ್ನಲು ಹೊರಟು, ಆ ಮಾತಿಗೇ ಹೇಸಿ, ‘ಬರ್ತೇನೆ’ ಎಂದಳು.

ಹೇವರ್ಡಿನ ಶಾಪಿನಲ್ಲಿ ಲೇತು, ಡ್ರಿಲ್ಲು, ಕಂಪ್ಯೂಟರು, ಫೋರ್ಕ್‌ಲಿಫ್ಟು ಎಲ್ಲಕ್ಕೂ ಕುಂಕುಮ ಹಚ್ಚಿದ್ದರು. ಬೂದುಗುಂಬಳ ಸಿಗಲಿಲ್ಲವೆಂದು ಗ್ರೋಸರಿಯಿಂದ ಹ್ಯಾಲೊವೀನಿನ ಕಿತ್ತಳೆ ಬಣ್ಣದ ಕುಂಬಳವನ್ನೇ ತಂದು ಬಾಗಿಲಲ್ಲಿ ಒಡೆದಿದ್ದರು. ಒಳಗೆ ಎಲ್ಲಕ್ಕಿಂತ ಹಿಂದೆ, ಬಾಳೆಕಂದುಗಳ ನಡುವೆ, ಎಲ್ಲಕ್ಕಿಂತ ದಪ್ಪ ಹಾರ ಹಾಕಿಕೊಂಡು ಒಂದು ಯಂತ್ರ ನಿಂತಿತ್ತು. ಬಣ್ಣ ಈಗ ಬೂದಿಯದು. ಆದರೆ ಪ್ರಫುಲ್ಲಾ ಅದರ ಎತ್ತರವನ್ನು, ಅದರ ದುಂಡು ಭುಜವನ್ನು ಗುರುತಿಸಿದಳು.

“ಆ ಫ್ಯಾಕ್ಟ್ರಿ ಹರಾಜಲ್ಲಿ ಸಿಕ್ತು ಅಕ್ಕ” ಎಂದ ಮಧುಕರ್. ಅವನ ಮುಖದಲ್ಲಿ ಮಗುವಿನ ಸಂತೋಷವಿತ್ತು. “ಓಕ್ಲ್ಯಾಂಡ್ ಪೋರ್ಟಿಗೆ ಹೋಗಿ ನಾನೇ ಇಳಿಸ್ಕೊಂಡೆ. ಬಳಗದೋರೆಲ್ಲ ಒಂದಷ್ಟ್ ದುಡ್ ಹಾಕಿದ್ರು.”

ಅವಳು ಯಂತ್ರದ ಮಗ್ಗುಲಿಗೆ ಹೋಗಿ ನೋಡಿದಳು. ಹೊಸ ಬಣ್ಣ ನುಣ್ಣಗಿತ್ತು. ಅಂಗೈ ಆಡಿಸಿದರೂ ಒಂದು ಅಕ್ಷರದ ಉಬ್ಬು ಸಿಗಲಿಲ್ಲ.

“ಇಲ್ಲಿ ಹೆಸರುಗಳು ಇದ್ದವಲ್ಲ ಮಧುಕರ್.”

“ಹೂಂ ಅಕ್ಕ, ಏನೇನೋ ಬರ್ದಿದ್ರು. ಗಲೀಜಾಗಿತ್ತು, ಉಜ್ಜಿಸ್ಬುಟ್ಟೆ.”

ಮಾರ್ಯೆತಾಳ ಅಪ್ಪನ ಹೆಸರು ಇದ್ದಿರಬಹುದಾದ ಜಾಗದಲ್ಲಿ ಅರಿಸಿನದಲ್ಲಿ ಓಂ ಬರೆದು, ನಡುವೆ ಕುಂಕುಮದ ಬೊಟ್ಟು ಇಟ್ಟಿದ್ದರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂದು ಅವಳ ಅಜ್ಜಿ ಹೇಳುತ್ತಿದ್ದರು. ಚಿಕ್ಕವಳಿದ್ದಾಗ ಆ ಮಾತು ಅರ್ಥವಾಗದೆ ಸುಮ್ಮನೆ ಬಾಯಿಪಾಠ ಮಾಡಿಕೊಂಡಿದ್ದಳು.

ಮಂಗಳಾರತಿ ಆಯಿತು. ಶೇಷಾದ್ರಿ ರೇಷ್ಮೆ ಪಂಚೆಯಲ್ಲಿ ನಗುತ್ತಾ ಬಂದರು.

“ನೋಡೋಣ ಅಂದಿದ್ವಲ್ಲ ಮೇಡಂ, ನೋಡಿದ್ವಾ ಇಲ್ವಾ? ನೀವು ಅವತ್ತು ನನ್ನ ಮೇಲೆ ಕೋಪ ಮಾಡ್ಕೊಂಡ್ರಿ. ಈಗ ನೋಡಿ, ಬಾಂಧವ್ಯ ಹೇಗೆ ಉಳೀತು. ಮಾರ್ಯೆತಾ ಮೇಡಂಗೂ ಈಗ ತಾನೆ ಫೋಟೋ ಕಳಿಸ್ದೆ, ನಿಮ್ಮ ಮಿಷನ್ನು ನಮ್ಮನೆ ಮಗಳ ಥರ ಇರುತ್ತೆ ಅಂತ.”

ಪ್ರಫುಲ್ಲಾ ಉತ್ತರಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಯಾರೋ ಹಣ್ಣಿನ ಬುಟ್ಟಿ ಹಿಡಿದು ಬಂದರು. ಹಿಂದೆ ತಟ್ಟೆಯಲ್ಲಿ ಮಡಿಸಿದ ಶಾಲು.

“ಈ ಮಿಷನ್ನು ನಮ್ಮ ಪಾಲಿಗೆ ಬರೋಕೆ ಮೂಲ ಕಾರಣ ನಮ್ಮ ಪ್ರಫುಲ್ಲಾ ಮೇಡಂ” ಎಂದು ಶೇಷಾದ್ರಿ ಎಲ್ಲರಿಗೂ ಕೇಳುವಂತೆ ಹೇಳಿದರು. “ಒಂದು ಸಣ್ಣ ಸನ್ಮಾನ.”

“ಬೇಡ” ಎಂದಳು ಪ್ರಫುಲ್ಲಾ.

ಸ್ಪಷ್ಟವಾಗಿಯೇ ಅಂದಳು. ಶಾಪಿನಲ್ಲಿದ್ದವರೆಲ್ಲರಿಗೂ ಕೇಳಿಸಿತು. ಒಂದೂವರೆ ವರ್ಷದಿಂದ ಈ ಬಳಗದಲ್ಲಿ ಯಾರ ಬಾಯಿಂದಲೂ ಹೊರಡದ ಮಾತು ಕೊನೆಗೂ ಹೊರಟಿತ್ತು.

“ಸಂಕೋಚ ಮೇಡಂಗೆ” ಎಂದು ಶೇಷಾದ್ರಿ ನಕ್ಕರು. ಎಲ್ಲರೂ ಪ್ರೀತಿಯಿಂದ ನಕ್ಕರು.

“ಬೇಡ ಸಾರ್. ನಿಜಕ್ಕೂ ಬೇಡ. ನಂಗೆ ಬೇಡ.”

“ದೊಡ್ಡವರು ಯಾವಾಗ್ಲೂ ಹೀಗೇ ಅನ್ನೋದು” ಎಂದು ಹಿಂದಿನಿಂದ ಒಬ್ಬ ಹೆಂಗಸು ಮೆಚ್ಚಿಕೊಂಡಳು. ಮಧುಕರ್ ಮೃದುವಾಗಿ ಅವಳ ತೋಳು ಹಿಡಿದು ಯಂತ್ರದ ಮುಂದೆ ನಿಲ್ಲಿಸಿದ. ಶಾಲು ಹೆಗಲಿನ ಮೇಲೆ ಬಂದು ಬಿತ್ತು, ಪೇಟ ಹುಬ್ಬು ದಾಟಿ ಕಣ್ಣಿನ ಮೇಲೆ ಇಳಿಯಿತು. ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕಣ್ಣಿಗೆ ಏನೂ ಕಾಣದೆ, ಬೀಳದಿರಲೆಂದು ಪ್ರಫುಲ್ಲಾ ಕೈಯೆತ್ತಿ ಪೇಟವನ್ನು ಹಿಡಿದುಕೊಂಡಳು.